ಸುಗ್ಗಿಯಿಂದ ಸುಗ್ಗಿಗೆ: ಎರಡು ಎಕರೆ ರಾಗಿ, ಎಂಟು ಹೊಟ್ಟೆ

ತುಮಕೂರು ಜಿಲ್ಲೆಯ ಶಿರಾ ಸೀಮೆಯಲ್ಲಿ, ಮಳೆಯನ್ನೇ ನಂಬಿದ ಎರಡು ಎಕರೆ ಕೆಂಪು ಮಣ್ಣಿನ ಖುಷ್ಕಿ ಹೊಲವಿದ್ದ ಮನೆಯಲ್ಲಿ ನಾನು ಬೆಳೆದೆ. ಅಜ್ಜಿ, ಅಪ್ಪ, ಅವ್ವ, ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಸೋದರತ್ತೆ ಮತ್ತು ನಾವು ನಾಲ್ವರು ಮಕ್ಕಳು, ಹೀಗೆ ಎಂಟು ಜನ ಆ ಹೊಲದ ರಾಗಿಯನ್ನೂ ಅವರಿವರ ಹೊಲದ ಕೂಲಿಯನ್ನೂ ನೆಚ್ಚಿಕೊಂಡು ಬದುಕಿದೆವು. ನಾನು ಹೇಳುತ್ತಿರುವುದು 1970ರ ದಶಕದ ಮಾತು. ಆ ಮನೆಯಲ್ಲಿ ಒಂದು ಸುಗ್ಗಿಯ ರಾಗಿ ಮುಂದಿನ ಸುಗ್ಗಿಯವರೆಗೆ ಹೇಗೆ ಬಂತು, ಬಾರದೆ ಹೋದಾಗ ಏನು ಮಾಡಿದರು, ಅದನ್ನು ಮಾಡಿದವರು ಯಾರು ಎಂಬುದನ್ನು ನಾನು ಕಂಡಷ್ಟು, ಉಂಡಷ್ಟು ಬರೆದಿಡಬೇಕೆಂಬ ಆಸೆ ಬಹಳ ಕಾಲದಿಂದ ಇದೆ. ಬಡವರ ಊಟ ಸರಳವಾಗಿತ್ತು ಎಂದು ಈಗ ಎಲ್ಲರೂ ಹೇಳುತ್ತಾರೆ. ಉಣ್ಣುವವರ ತಟ್ಟೆಯಲ್ಲಿ ಅದು ಸರಳವಾಗಿ ಕಾಣುತ್ತಿತ್ತು, ನಿಜ. ಆದರೆ ಅದನ್ನು ತಟ್ಟೆಯವರೆಗೆ ತಂದ ಲೆಕ್ಕಾಚಾರ ಸರಳವಾಗಿರಲಿಲ್ಲ.

ನಮ್ಮ ಕಡೆ ರಾಗಿಯನ್ನು ಒಂಟಿಯಾಗಿ ಬಿತ್ತುತ್ತಿರಲಿಲ್ಲ. ಕೂರಿಗೆಯಲ್ಲಿ ರಾಗಿ ಬಿತ್ತುವಾಗಲೇ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ನಡುನಡುವೆ ಬಿಡುವ ಬೆರಕೆ ಬೆಳೆಯ ಸಾಲಿನಲ್ಲಿ, ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಬೀಳುತ್ತಿದ್ದವು. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಅಕ್ಕಡಿಯ ಕಾಳು ಒಂದಿಷ್ಟು ಉಳಿಯುತ್ತಿತ್ತು, ಸಾರಿಗೆ ದಾರಿಯಾಗುತ್ತಿತ್ತು. ಕಾರ್ತಿಕ ಕಳೆಯುವ ಹೊತ್ತಿಗೆ ಕೊಯ್ಲು. ಆಮೇಲೆ ಮೆದೆ, ಕಣ, ರೋಣಗಲ್ಲು, ತೂರುವುದು. ಒಳ್ಳೆಯ ವರ್ಷದಲ್ಲಿ ಆರೇಳು ಪಲ್ಲ ರಾಗಿ ರಾಶಿಯಾಗುತ್ತಿತ್ತು. ಪಲ್ಲವೆಂದರೆ ನೂರು ಸೇರು. ರಾಶಿಗೆ ಪೂಜೆ ಮಾಡಿದ ಗಳಿಗೆಯಲ್ಲಿ ಅದು ದೊಡ್ಡದಾಗಿಯೇ ಕಾಣುತ್ತಿತ್ತು, ಆದರೆ ಕಣದಿಂದ ಮನೆಗೆ ಬರುವಷ್ಟರಲ್ಲಿ ಅದು ಕರಗುತ್ತಿತ್ತು. ವರ್ಷವೆಲ್ಲ ಕೆಲಸ ಮಾಡಿಕೊಟ್ಟ ಬಡಗಿ, ಕಮ್ಮಾರ, ಅಗಸ, ಕ್ಷೌರಿಕರಿಗೆ ಅವರವರ ಪಾಲನ್ನು ಕಣದಲ್ಲೇ ಅಳೆಯಬೇಕಿತ್ತು. ಹಿಂದಿನ ಮಳೆಗಾಲದಲ್ಲಿ ಸಾಲ ತಂದು ತಿಂದ ರಾಗಿಯನ್ನು ಸವಾಯಿ ಲೆಕ್ಕದಲ್ಲಿ, ಅಂದರೆ ಒಂದು ಪಲ್ಲಕ್ಕೆ ಒಂದೂಕಾಲು ಪಲ್ಲದಂತೆ, ಹಿಂದಿರುಗಿಸಬೇಕಿತ್ತು. ಬಿತ್ತನೆಗೆ ಎತ್ತಿಟ್ಟ ಮೇಲೆ ಗುಡಾಣಕ್ಕೆ ಸೇರುತ್ತಿದ್ದುದು ನಾಲ್ಕು ಪಲ್ಲವಿದ್ದರೆ ಹೆಚ್ಚು. ದೊಡ್ಡ ಮನೆಗಳವರಿಗೆ ನೆಲದೊಳಗೆ ಹಗೇವುಗಳಿದ್ದವು. ಅಲ್ಲಿ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತಿತ್ತು. ನಮ್ಮ ರಾಗಿಗೆ ಅಷ್ಟು ದಿನ ಕಾಯುವ ಯೋಗವಿರಲಿಲ್ಲ, ಮಣ್ಣಿನ ಗುಡಾಣಗಳೇ ಅದಕ್ಕೆ ಸಾಕಾಗಿದ್ದವು.

ಎಂಟು ಜನರಿಗೆ ಎರಡು ಹೊತ್ತು ಮುದ್ದೆಯಾಗಬೇಕಾದರೆ ದಿನಕ್ಕೆ ಮೂರು ಸೇರು ರಾಗಿ ಬೇಕು. ಆ ಲೆಕ್ಕದಲ್ಲಿ ನಾಲ್ಕು ಪಲ್ಲ ನಾಲ್ಕೂವರೆ ತಿಂಗಳಿಗೆ ಮುಗಿಯಬೇಕು. ಅವ್ವ ಓದಿದವಳಲ್ಲ, ಆದರೂ ಈ ಲೆಕ್ಕವನ್ನು ಅವಳು ಸುಗ್ಗಿ ಮುಗಿದ ವಾರದಲ್ಲೇ ಹಾಕಿಬಿಡುತ್ತಿದ್ದಳು. ಹೊಟ್ಟೆ ತುಂಬ ಉಣ್ಣಬಹುದಾದ ಪುಷ್ಯ, ಮಾಘದಲ್ಲೇ ಮೂರು ಸೇರಿನ ಬದಲು ಎರಡು ಸೇರು ಅಳೆದು ಬೀಸುವುದು ಅವಳ ಪದ್ಧತಿ. ಗುಡಾಣದ ತುಂಬ ರಾಗಿಯಿದ್ದಾಗ ಮಕ್ಕಳಿಗೆ ಇನ್ನೊಂದು ತುತ್ತು ಇಲ್ಲವೆನ್ನುವುದು, ಗುಡಾಣ ಬರಿದಾದ ಮೇಲೆ ಇಲ್ಲವೆನ್ನುವುದಕ್ಕಿಂತ ಕಷ್ಟದ ಕೆಲಸವೆಂದು ನನಗೆ ಈಗ ಅನಿಸುತ್ತದೆ. ಅಜ್ಜಿ ಒಮ್ಮೊಮ್ಮೆ ಸಿಡುಕುತ್ತಿದ್ದಳು: "ಸುಗ್ಗಿ ಕಾಲ್ದಾಗೂ ಹಿಂಗೆ ಬಿಗಿ ಹಿಡೀತೀಯಲ್ಲೇ ಮಗಳೇ, ಮಕ್ಳು ಉಣ್ಲಿ ಬಿಡು." ಅವ್ವನ ಉತ್ತರ ಒಂದೇ: "ಆಷಾಢ್ದಾಗೆ ನೀನೇ ಕೇಳ್ತೀಯ ಅತ್ತೆ, ಸುಮ್ಕಿರು."

ಕೋಳಿ ಕೂಗುವ ಮೊದಲೇ ಅವ್ವ ಮತ್ತು ಸೋದರತ್ತೆ ಬೀಸುವ ಕಲ್ಲಿಗೆ ಎದುರುಬದುರಾಗಿ ಕೂರುತ್ತಿದ್ದರು. ಪಕ್ಕದ ಊರಿನಲ್ಲಿ ಹಿಟ್ಟಿನ ಗಿರಣಿ ಬಂದಿತ್ತು. ಆದರೆ ಗಿರಣಿಗೆ ಕಾಸು ಕೊಡಬೇಕು, ಜೊತೆಗೆ ಒಂದು ಹಿಡಿ ಹಿಟ್ಟಾದರೂ ಯಂತ್ರದಲ್ಲೇ ಉಳಿದುಹೋಗುತ್ತದೆ ಎಂಬುದು ಅವ್ವನ ತಕರಾರು. ಆ ಒಂದು ಹಿಡಿಗಾಗಿ ಇಬ್ಬರು ಹೆಂಗಸರು ರಟ್ಟೆ ಸೋಲುವಷ್ಟು ಬೀಸುತ್ತಿದ್ದರು. ಉಳ್ಳವರ ಮನೆಯಲ್ಲಿ ಹಿಟ್ಟನ್ನು ಬಟ್ಟೆಯಲ್ಲಿ ಸೋಸಿ ನುಣುಪು ಮಾಡುವ ರೂಢಿಯಿತ್ತು. ನಮ್ಮಲ್ಲಿ ಜರಡಿಯನ್ನೂ ಹಿಡಿಯುತ್ತಿರಲಿಲ್ಲ. ಕಲ್ಲಿನಿಂದ ಬಿದ್ದದ್ದೆಲ್ಲ, ಸಿಪ್ಪೆಯ ಸಮೇತ, ಎಸರಿಗೆ ಹೋಗುತ್ತಿತ್ತು. ನಮ್ಮ ಮುದ್ದೆ ಕಪ್ಪಗೆ, ಒರಟಾಗಿ ಇರುತ್ತಿದ್ದುದು ಅದಕ್ಕೇ.

ಮುದ್ದೆ ಮಾಡುವುದನ್ನು ನಾನು ಒಲೆಯ ಪಕ್ಕ ಕುಳಿತು ನೋಡಿ ನೋಡಿ ಕಲಿತೆ. ಮಡಕೆಯಲ್ಲಿ ಎಸರಿಟ್ಟು, ಒಂದು ಹಿಡಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಮೊದಲು ಹುಯ್ಯಬೇಕು. ಅದು ತೆಳುವಾದ ಗಂಜಿಯಾಗಿ ಉಕ್ಕಿ ಬರುವಾಗ ಉಳಿದ ಹಿಟ್ಟನ್ನು ಒಟ್ಟಿಗೆ ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಗುಡ್ಡೆಯ ನೆತ್ತಿಗೆ ತೂತು ಮಾಡಿ, ಸೌದೆ ಹಿಂದಕ್ಕೆಳೆದು ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು. ಆ ತೂತಿನಿಂದ ಎಸರು ಮೇಲೆ ಬಂದು ಹಿಟ್ಟನ್ನು ನೆನೆಸುತ್ತದೆ. ಈ ಹೊತ್ತಿನಲ್ಲಿ ಕೈಯಾಡಿಸುವ ಅವಸರ ಮಾಡಿದರೆ ಹಿಟ್ಟು ಹಸಿಯಾಗಿ ಉಳಿದು ಹೊಟ್ಟೆ ನೋಯುತ್ತದೆ. ಬೆಂದ ಮೇಲೆ ಮಡಕೆಯನ್ನು ಇಳಿಸಿ, ಕವೆಗೋಲಿನಿಂದ ಅದುಮಿ ಹಿಡಿದು, ಗಂಟು ಉಳಿಯದಂತೆ ಕೋಲಿನಿಂದ ತಿರುವಬೇಕು. ಎರಡು ಸೇರಿನ ಹಿಟ್ಟನ್ನು ತಿರುವುವುದಕ್ಕೆ ಭುಜದ ಬಲವೇ ಬೇಕು. ಅವ್ವನಿಗೆ ಜ್ವರ ಬಂದಾಗ ಆ ಕೋಲು ಹಿಡಿದ ಅಕ್ಕನಿಗೆ ಆಗ ಹತ್ತು ಹನ್ನೊಂದು ವರ್ಷವಿದ್ದೀತು. ಕೊನೆಗೆ ನೀರು ಚಿಮುಕಿಸಿದ ಮಣೆಯ ಮೇಲೆ ಒದ್ದೆ ಕೈಯಿಂದ ಉಂಡೆ ಕಟ್ಟುವುದು.

ಉಂಡೆಗಳೆಲ್ಲ ಒಂದೇ ಗಾತ್ರದವಾಗಿರಲಿಲ್ಲ, ಮತ್ತು ಅದರಲ್ಲಿಯೇ ಮನೆಯ ನ್ಯಾಯವಿತ್ತು. ನೇಗಿಲು ಹಿಡಿಯಲು, ಗುಂಡಿ ತೋಡಲು ಹೋಗುವ ಅಪ್ಪನದು ದೊಡ್ಡದು. ಅಣ್ಣನದು ಅದಕ್ಕಿಂತ ಒಂದು ಸುತ್ತು ಚಿಕ್ಕದು. ಹಲ್ಲಿಲ್ಲದ ಅಜ್ಜಿಗೆ ಮೆತ್ತಗಿರುವ ಭಾಗದ ಉಂಡೆ. ನಮ್ಮ ಮೂವರದು ಅಂಗೈ ತುಂಬುವಷ್ಟು. ಅವ್ವ ಮತ್ತು ಸೋದರತ್ತೆ ಎಲ್ಲರಿಗೂ ಬಡಿಸಿ ಮುಗಿದ ಮೇಲೆ ಮಡಕೆಯ ಬುಡದಲ್ಲಿ ಉಳಿದಿದ್ದನ್ನು ಎರಡು ಪಾಲು ಮಾಡಿಕೊಳ್ಳುತ್ತಿದ್ದರು. ಉಳಿಯದೇ ಹೋದ ದಿನಗಳೂ ಇದ್ದವು. ಅವರಿಬ್ಬರೂ ಅಪ್ಪನಷ್ಟೇ ದುಡಿಯುತ್ತಿದ್ದರು. ಬಡತನದ ಊಟವನ್ನು ನೆನೆದು ಸಂತೋಷಪಡುವವರು ಈ ಮಾತನ್ನು ಬಿಟ್ಟು ನೆನೆಯುವುದನ್ನು ನಾನು ಒಪ್ಪಲಾರೆ. ತಳಕ್ಕೆ ಹತ್ತಿದ ಗರಿಗರಿ ಹಕ್ಕಳೆ ಮಾತ್ರ ಮಕ್ಕಳ ಸೊತ್ತು, ಇವತ್ತು ಒಬ್ಬರಿಗೆ, ನಾಳೆ ಇನ್ನೊಬ್ಬರಿಗೆ. ಅದಕ್ಕೆ ಬೆಲ್ಲದ ಚೂರೊಂದು ಸಿಕ್ಕಿದರೆ ಅಂದು ಹಬ್ಬ.

ಸಾರಿನ ವಿಷಯದಲ್ಲಿ ಅವ್ವನ ಜಾಣ್ಮೆ ಇನ್ನೂ ಹೆಚ್ಚಾಗಿ ಕಾಣುತ್ತಿತ್ತು. ಒಂದು ಪಾವು ಹುರುಳಿಕಾಳು ಮತ್ತು ಒಂದು ಮಡಿಲು ಸೊಪ್ಪು ಇದ್ದರೆ ಅವಳು ಬಸ್ಸಾರು ಮಾಡುತ್ತಿದ್ದಳು. ಕಾಳು, ಸೊಪ್ಪು ಬೇಯಿಸಿ ಕಟ್ಟನ್ನು ಬಸಿದು, ಅದಕ್ಕೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆಹಣ್ಣು ಅರೆದು ಹಾಕಿದರೆ ಸಾರು. ಬಸಿದು ಉಳಿದ ಕಾಳು-ಸೊಪ್ಪಿಗೆ ಉಪ್ಪು, ಖಾರ ಬೆರೆಸಿದರೆ ಪಲ್ಯ. ಒಂದೇ ಪಾವಿನಿಂದ ಎರಡು ಬಗೆ. ಆ ಸಾರನ್ನು ಮಾರನೆಯ ದಿನ ಮತ್ತೆ ಕುದಿಸಿದರೆ ರುಚಿ ಏರುತ್ತದೆಯೇ ಹೊರತು ಕೆಡುವುದಿಲ್ಲ. ಈಗ ಊಟದ ಹೋಟೆಲುಗಳಲ್ಲಿ ಬಸ್ಸಾರಿಗೆ ತೆಂಗಿನಕಾಯಿ ಅರೆದು, ತುಪ್ಪದ ಒಗ್ಗರಣೆ ಕೊಡುವುದನ್ನು ಕಾಣುತ್ತೇನೆ. ನಮ್ಮ ಮನೆಯಲ್ಲಿ ಒಗ್ಗರಣೆಯ ಸದ್ದು ಹಬ್ಬದ ದಿನ ಮಾತ್ರ ಕೇಳುತ್ತಿತ್ತು. ಎಣ್ಣೆಯ ಬದಲು ಹುಚ್ಚೆಳ್ಳನ್ನು ಹುರಿದು ಮೆಣಸಿನಕಾಯಿಯೊಡನೆ ಕುಟ್ಟಿದ ಪುಡಿಯಿರುತ್ತಿತ್ತು. ಕಾಳೂ ಇಲ್ಲದ ದಿನ ಒಣಮೆಣಸಿನಕಾಯಿಯನ್ನು ಕೆಂಡದಲ್ಲಿ ಸುಟ್ಟು, ಕಲ್ಲುಪ್ಪು, ಬೆಳ್ಳುಳ್ಳಿಯೊಡನೆ ಜಜ್ಜಿ, ಹುಣಸೆ ನೀರಿನಲ್ಲಿ ಕಲಸಿದ ಗೊಜ್ಜು. ಹುಣಸೆಗೆ ನಮ್ಮ ಸೀಮೆಯಲ್ಲಿ ಬರವಿರಲಿಲ್ಲ. ಮಾಘ, ಫಾಲ್ಗುಣದಲ್ಲಿ ಹೆಂಗಸರು ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಅವ್ವ ಕೂಲಿಯ ಜೊತೆ ತರುತ್ತಿದ್ದ ಬೀಜವನ್ನು ಹುರಿದು, ಸಿಪ್ಪೆ ಕಳಚಿ, ಶಾಲೆಗೆ ಹೋಗುವ ದಾರಿಯುದ್ದಕ್ಕೂ ಬಾಯಲ್ಲಿಟ್ಟುಕೊಂಡು ಜಗಿಯುತ್ತಿದ್ದೆವು. ಗಟ್ಟಿ ಬೀಜ ಬೇಗ ಕರಗದು, ಹಸಿವನ್ನು ಮಧ್ಯಾಹ್ನದವರೆಗೆ ತಳ್ಳಲು ಅದು ಒದಗುತ್ತಿತ್ತು.

ಅನ್ನದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಯುಗಾದಿ, ಗೌರಿ ಹಬ್ಬ, ದೀಪಾವಳಿಗಳಲ್ಲಿ ಮುದ್ದೆಯಾದ ಮೇಲೆ ಒಂದೊಂದು ಹಿಡಿ. ಅದು ಬಿಟ್ಟರೆ ಜ್ವರ ಬಂದವರಿಗೆ ಅಕ್ಕಿ ಗಂಜಿ. ನನ್ನ ತಂಗಿ ಒಮ್ಮೆ ಜ್ವರ ಇಳಿದ ಮೇಲೂ ಇಳಿದಿಲ್ಲವೆಂದು ಹಟ ಹಿಡಿದಿದ್ದಳು. ಅವ್ವನಿಗೆ ಗೊತ್ತಾಯಿತು, ಆದರೂ ಮತ್ತೊಂದು ದಿನ ಗಂಜಿ ಕಾಸಿದಳು. ಮಾಂಸವೆಂದರೆ ಯುಗಾದಿಯ ಮಾರನೆಯ ದಿನದ ವರ್ಷತೊಡಕು ಮತ್ತು ಊರ ಮಾರಿ ಹಬ್ಬ. ಹತ್ತಾರು ಮನೆಯವರು ಸೇರಿ ಕುರಿ ಕಡಿದು ಗುಡ್ಡೆ ಹಾಕಿದಾಗ, ಅರ್ಧ ಗುಡ್ಡೆ ನಮ್ಮದು.

ಜ್ಯೇಷ್ಠ ಬರುವ ಹೊತ್ತಿಗೆ ಗುಡಾಣದಲ್ಲಿ ಕೈ ಆಳಕ್ಕೆ ಇಳಿಯುತ್ತಿತ್ತು. ಅಲ್ಲಿಂದ ಕಾರ್ತಿಕದವರೆಗಿನ ಐದು ತಿಂಗಳೇ ನಿಜವಾದ ಪರೀಕ್ಷೆ. ಶಿರಾ ಸೀಮೆಯಲ್ಲಿ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ದೊಡ್ಡ ಪಾಲು ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಗಾಗಿ ಬಿತ್ತನೆ ತಡ, ಕೊಯ್ಲೂ ತಡ. ಉಳುವುದಕ್ಕೂ ಕಳೆ ಕೀಳುವುದಕ್ಕೂ ಮೈಯಲ್ಲಿ ಕಸುವು ಬೇಕಾದ ದಿನಗಳಲ್ಲೇ ಮನೆಯಲ್ಲಿ ಕಾಳು ಮುಗಿಯುತ್ತಿತ್ತು. ಅವ್ವ ಊಟವನ್ನು ಒಮ್ಮೆಗೇ ಕಡಿಯುತ್ತಿರಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಿದ್ದಳು. ಮೊದಲು ಮುದ್ದೆಯ ಎಸರಿಗೆ ಜೋಳದ ನುಚ್ಚೋ ನವಣೆಯೋ ಸೇರಿ ರಾಗಿಹಿಟ್ಟು ಕಡಿಮೆಯಾಗುತ್ತಿತ್ತು. ಆಮೇಲೆ ಹಗಲಿನ ಮುದ್ದೆ ಹೋಗಿ ಅಂಬಲಿ ಬರುತ್ತಿತ್ತು. ರಾತ್ರಿಯ ಮುದ್ದೆಯನ್ನು ಮಾತ್ರ ಅವಳು ಕೊನೆಯವರೆಗೂ ಬಿಡುತ್ತಿರಲಿಲ್ಲ. ಹಸಿದು ಮಲಗಿದ ಮಕ್ಕಳು ನಡುರಾತ್ರಿ ಎದ್ದು ಅಳುತ್ತವೆ, ಹಗಲಾದರೆ ಆಟದಲ್ಲಿ ಮರೆಯುತ್ತವೆ ಎಂಬುದು ಅವಳ ಅನುಭವ. "ಏನವ್ವ, ಇವತ್ತೂ ಅಂಬ್ಲೀನಾ?" ಎಂದು ನಾವು ಕೇಳಿದರೆ, "ರಾತ್ರಿಗೆ ಹಿಟ್ಟು ಐತೆ ಕಣ್ರಪ್ಪ, ಈಗ ಇದ್ನ ಕುಡೀರಿ" ಎನ್ನುತ್ತಿದ್ದಳು. ಅಂಬಲಿಗೆ ಮಜ್ಜಿಗೆಯಿದ್ದರೆ ಮಜ್ಜಿಗೆ, ಇಲ್ಲದಿದ್ದರೆ ಉಪ್ಪು ಮತ್ತು ಜಜ್ಜಿದ ಹಸಿಮೆಣಸಿನಕಾಯಿ.

ಆ ತಿಂಗಳುಗಳಲ್ಲಿ ನಮ್ಮನ್ನು ಕಾಪಾಡಿದ್ದು ಸೊಪ್ಪು. ಕಾಳು ತೀರ ಕಡಿಮೆಯಾಗುವ ಹೊತ್ತಿಗೆ ಸರಿಯಾಗಿ ಮೊದಲ ಮಳೆ ಬಿದ್ದು ಹೊಲ, ಬದು, ಹಿತ್ತಲುಗಳಲ್ಲಿ ಬಿತ್ತದ ಸೊಪ್ಪು ಏಳುತ್ತಿತ್ತು. ಅಣ್ಣೆ ಸೊಪ್ಪು, ದಗ್ಗಲ ಸೊಪ್ಪು, ಗೋಣಿ ಸೊಪ್ಪು, ಕನ್ನೆ ಸೊಪ್ಪು, ಕೀರೆ, ಗಣಿಕೆ, ಹೊನಗೊನೆ, ಎಳೆಯ ತಗಚೆ, ಹುಣಸೆ ಚಿಗುರು, ವರ್ಷವಿಡೀ ಕೈಬಿಡದ ನುಗ್ಗೆ. ಬೇರೆಯವರ ಹೊಲದಲ್ಲಿ ಕಳೆ ಕೀಳುವ ಕೂಲಿಗೆ ಹೋದ ಅವ್ವ, ಕಿತ್ತ ಕಳೆಯಲ್ಲಿ ತಿನ್ನುವುದನ್ನು ಮಡಿಲಿಗೆ ಹಾಕಿಕೊಂಡು, ಉಳಿದದ್ದನ್ನು ಬದುವಿಗೆ ಎಸೆಯುತ್ತಿದ್ದಳು. ಸಂಜೆ ಆ ಮಡಿಲಿನಿಂದ ಐದಾರು ಬಗೆಯ ಸೊಪ್ಪು ಮೊರಕ್ಕೆ ಬೀಳುತ್ತಿತ್ತು. ಯಾವುದು ಕಹಿ, ಯಾವುದು ಲೋಳೆ, ಯಾವುದು ಹುಳಿಗೆ ಒಗ್ಗುತ್ತದೆ, ಯಾವುದನ್ನು ಹೂ ಬಿಡುವ ಮೊದಲೇ ಕೊಯ್ಯಬೇಕು ಎಂಬುದೆಲ್ಲ ಅವ್ವನಿಗೆ ಕೈಯ ಅಂದಾಜಿನಲ್ಲೇ ಗೊತ್ತಿತ್ತು. ಬೆರಕೆ ಸೊಪ್ಪನ್ನು ಬೇಯಿಸಿ ಮಡಕೆಯಲ್ಲೇ ಮಸೆದರೆ ಮಸ್ಸೊಪ್ಪು. ಮುದ್ದೆ ಸಣ್ಣದಾದಷ್ಟೂ ಸೊಪ್ಪು ತಟ್ಟೆಯಲ್ಲಿ ಹೆಚ್ಚುತ್ತಿತ್ತು. ಕಳೆನಾಶಕ ಬಂದ ಮೇಲೆ ನಮ್ಮೂರಿನ ಹೊಲಗಳಲ್ಲಿ ಇವುಗಳಲ್ಲಿ ಹಲವು ಕಾಣಿಸುವುದು ಕಡಿಮೆಯಾಗಿದೆ. ಸೊಪ್ಪಿನ ಹೆಸರು ಹೇಳಿ ಗುರುತಿಸಬಲ್ಲವರು ಅದಕ್ಕಿಂತ ಕಡಿಮೆಯಾಗಿದ್ದಾರೆ, ಇದು ನನ್ನನ್ನು ನಿಜವಾಗಿ ಚಿಂತೆಗೀಡುಮಾಡುವ ಸಂಗತಿ.

1972ರ ಬರದಲ್ಲಿ ಸೊಪ್ಪೂ ಏಳಲಿಲ್ಲ. ಆ ವರ್ಷ ಬಿತ್ತಿದ್ದು ಮೊಳಕೆಯಲ್ಲೇ ಒಣಗಿತು, ಎತ್ತುಗಳನ್ನು ಮೇವಿಲ್ಲದೆ ಮಾರಬೇಕಾಯಿತು. ಅಪ್ಪ, ಅವ್ವ, ಸೋದರತ್ತೆ ಮೂವರೂ ಸರ್ಕಾರದ ಬರಗಾಲದ ಕಾಮಗಾರಿಗೆ ಹೋಗಿ ಕೆರೆಯ ಹೂಳು ಹೊತ್ತರು. ಸೊಸೈಟಿಯಲ್ಲಿ ಹೊರದೇಶದ ಕೆಂಪು ಜೋಳ ಮತ್ತು ಗೋಧಿ ಸಿಗುತ್ತಿತ್ತು. ಗೋಧಿಯನ್ನು ಏನು ಮಾಡಬೇಕೆಂಬುದು ನಮ್ಮ ಊರಿನಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಅದರ ಹಿಟ್ಟಿನಿಂದ ಮುದ್ದೆ ಮಾಡಿದರೆ ಅಂಟು ಅಂಟಾಗಿ, ನುಂಗಲು ಬಾರದೆ, ಗಂಟಲಿಗೆ ಹಿಡಿಯುತ್ತಿತ್ತು. ಅವ್ವ ಅದನ್ನು ಕಲ್ಲಿನಲ್ಲಿ ಒಡೆದು ನುಚ್ಚು ಮಾಡಿ, ಎಸರಿನಲ್ಲಿ ಪೂರ್ತಿ ಬೇಯಿಸಿ, ಆಮೇಲೆ ಎರಡು ಹಿಡಿ ರಾಗಿಹಿಟ್ಟು ಹಾಕಿ ತಿರುವುವ ದಾರಿ ಕಂಡುಕೊಂಡಳು. ಅದು ಮುದ್ದೆಯಂತೆ ನಿಲ್ಲುತ್ತಿತ್ತು, ನುಂಗಲೂ ಬರುತ್ತಿತ್ತು. ಕೆಲವೇ ದಿನಗಳಲ್ಲಿ ನಮ್ಮ ಕೇರಿಯ ಅಷ್ಟೂ ಮನೆಯವರು ಹಾಗೆಯೇ ಮಾಡತೊಡಗಿದರು.

ಶಾಲೆಯಲ್ಲಿ ಸಿಗುತ್ತಿದ್ದ, ಅಮೆರಿಕದ ನೆರವು ತರುತ್ತಿದ್ದ ಕೇರ್ ಸಂಸ್ಥೆಯ ಗೋಧಿ ನುಚ್ಚಿನ ಉಪ್ಪಿಟ್ಟು ಮತ್ತು ಹಾಲಿನ ಪುಡಿಯ ಹಾಲನ್ನು ನನ್ನ ವಯಸ್ಸಿನವರು ಮರೆತಿರಲಾರರು. ಮನೆಯಿಂದ ತಟ್ಟೆ ಒಯ್ದು ಸಾಲಿನಲ್ಲಿ ಕೂರುತ್ತಿದ್ದೆವು. ಆ ಉಪ್ಪಿಟ್ಟಿನಲ್ಲಿದ್ದಷ್ಟು ಎಣ್ಣೆಯನ್ನು ನಾವು ಮನೆಯಲ್ಲಿ ಎಂದೂ ಕಂಡಿರಲಿಲ್ಲ. ಅವ್ವ ತನ್ನ ಲೆಕ್ಕವನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಂಡಿದ್ದಳು: ಶಾಲೆಗೆ ಹೋಗುವ ಮಕ್ಕಳಿಗೆ ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಉಪ್ಪಿಟ್ಟು, ಉಳಿದ ಹಿಟ್ಟು ಇನ್ನೂ ಶಾಲೆಗೆ ಸೇರದ ತಂಗಿಗೆ ಮತ್ತು ಅಜ್ಜಿಗೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಕೊಟ್ಟರೆ ಒಂದು ಹೊತ್ತಿನ ಊಟಕ್ಕೂ ರಜೆ. ಬೇಸಿಗೆ ರಜೆಯೆಂದರೆ ಕುಣಿಯುವ ಮಕ್ಕಳ ನಡುವೆ, ಶಾಲೆ ಯಾವಾಗ ಶುರುವಾಗುತ್ತದೆಯೆಂದು ದಿನ ಎಣಿಸುವ ಮಕ್ಕಳೂ ಇರುತ್ತಾರೆಂಬುದನ್ನು ನಾನು ಆಗಲೇ ಬಲ್ಲೆ. ಕರ್ನಾಟಕದ ಶಾಲೆಗಳಲ್ಲಿ 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾದಾಗ ನನಗಾದ ಸಂತೋಷ ದೊಡ್ಡದು. ಮಕ್ಕಳು ಊಟಕ್ಕಾಗಿ ಶಾಲೆಗೆ ಬರುತ್ತಾರೆ ಎಂದು ಹೀಯಾಳಿಸಿ ಮಾತಾಡುವವರಿಗೆ ನಾನು ಪ್ರತಿ ಸಲವೂ ಉತ್ತರ ಕೊಟ್ಟಿದ್ದೇನೆ. ಬರಲಿ, ಅದಕ್ಕಾಗಿಯೇ ಬರಲಿ.

ರಾಗಿಯ ಗುಣಗಾನ ಈಗ ಎಲ್ಲೆಡೆ ನಡೆಯುತ್ತಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಅಕ್ಕಿ, ಗೋಧಿಗಳಲ್ಲಿ ಅಷ್ಟಿಲ್ಲ ಎಂಬುದು ನಿಜವೇ. ನಮ್ಮ ಮನೆಯವರ ಮೂಳೆ ಗಟ್ಟಿಯಾಗಿಯೇ ಇದ್ದವು. ಆದರೆ ಹಾಲು, ಎಣ್ಣೆ, ಬೇಳೆ ಸಾಕಷ್ಟಿಲ್ಲದ ಊಟ ಹೊಟ್ಟೆ ತುಂಬಿಸುತ್ತಿತ್ತು, ಮೈ ತುಂಬಿಸುತ್ತಿರಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ನಮ್ಮ ತುಟಿಯ ಅಂಚು ಒಡೆದಿರುತ್ತಿತ್ತು, ಅವ್ವ ಮತ್ತು ಸೋದರತ್ತೆಯ ಕಣ್ಣು, ಉಗುರುಗಳು ಬಿಳಿಚಿಕೊಂಡಿರುತ್ತಿದ್ದವು. ಬಡವರ ಊಟವೇ ಆರೋಗ್ಯದ ಊಟವಾಗಿತ್ತು ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಬಿಳಿಚಿದ ಉಗುರುಗಳು ನೆನಪಾಗುತ್ತವೆ. ಊಟ ಒಳ್ಳೆಯದಿತ್ತು. ಸಾಲುತ್ತಿರಲಿಲ್ಲ.

ನಮ್ಮ ಮನೆಯ ಸ್ಥಿತಿ ಬದಲಾದದ್ದು ಯಾವುದೋ ಒಂದು ದಿನದಲ್ಲಿ ಅಲ್ಲ. ಎಪ್ಪತ್ತರ ದಶಕದ ಕೊನೆಗೆ ಅಪ್ಪ ಇಂಡಾಫ್ ರಾಗಿಯ ಬಿತ್ತನೆ ಬೀಜ ತಂದರು. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲಕ್ಷ್ಮಣಯ್ಯನವರು, ನಾಡಿನ ಜನ 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದವರು, ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ತೆಗೆದ ತಳಿಗಳವು. ಅಪ್ಪನಿಗೆ ಆ ಹೆಸರು ಆಗ ಗೊತ್ತಿರಲಿಲ್ಲ. ತೆನೆ ಭಾರವಾಗಿ ಬಾಗಿದ್ದು ಮಾತ್ರ ಗೊತ್ತಾಯಿತು. ಹಳೆಯ ರಾಗಿಯ ರುಚಿ ಇದಕ್ಕಿಲ್ಲವೆಂದು ಅಜ್ಜಿ ಕೊನೆಯವರೆಗೂ ಹೇಳಿದಳು. ಅದೇ ಹೊಲದಲ್ಲಿ ಮೂರು ಪಲ್ಲ ಹೆಚ್ಚಿಗೆ ಬಂದ ವರ್ಷ, ಅಣ್ಣ ತುಮಕೂರಿನಲ್ಲಿ ಕೆಲಸಕ್ಕೆ ಸೇರಿ ತಿಂಗಳಿಗೆ ಇಷ್ಟೆಂದು ಕಳಿಸತೊಡಗಿದ. ಆಮೇಲೆ ಸವಾಯಿ ಸಾಲಕ್ಕೆ ನಾವು ಯಾರ ಬಾಗಿಲಿಗೂ ಹೋಗಲಿಲ್ಲ.

ಹೊಸ ರಾಗಿ ಮನೆಗೆ ಬಂದಾಗ ಹಳೆಯ ರಾಗಿ ಗುಡಾಣದಲ್ಲಿ ಇನ್ನೂ ಉಳಿದಿದ್ದ ಮೊದಲ ಸುಗ್ಗಿಯಲ್ಲಿ ಅವ್ವ ಅದನ್ನು ಬೇರೆಯೇ ಎತ್ತಿಟ್ಟಳು. ಮುಂದಿನ ಆಷಾಢದಲ್ಲಿ ಪಕ್ಕದ ಮನೆಯಾಕೆ ಮೊರ ಹಿಡಿದು ಬಂದಾಗ ಅದರಲ್ಲಿ ಎರಡು ಕೊಳಗ ಅಳೆದು ಕೊಟ್ಟಳು, ಪ್ರತಿ ಕೊಳಗವನ್ನೂ ಬಾಯಿಯ ಮೇಲೆ ರಾಗಿ ಗೋಪುರವಾಗಿ ನಿಲ್ಲುವಷ್ಟು ತುಂಬಿ. ಸುಗ್ಗಿಯಾದ ಮೇಲೆ ಆಕೆ ಸವಾಯಿ ಸೇರಿಸಿ ತಂದದ್ದನ್ನು ಒಪ್ಪದೆ, ಎರಡೇ ಕೊಳಗವನ್ನು ಬಾಯಿಯ ಮಟ್ಟಕ್ಕೆ ಕೈಯಿಂದ ಸವರಿ ಅಳೆದುಕೊಂಡು, ಉಳಿದದ್ದನ್ನು ಆಕೆಯ ಮೊರಕ್ಕೇ ಹಾಕಿದಳು. "ಹಿಂಗಾದ್ರೆ ನಮ್ದು ಇಳೀತದಲ್ಲೇ ಅತ್ತಿಗೆ" ಎಂದು ಸೋದರತ್ತೆ ಅಂದಳು. "ಇಳೀಲಿ ಬಿಡು, ಲೆಕ್ಕ ನಂಗೊತ್ತೈತೆ" ಎಂದು ಅವ್ವ ಗುಡಾಣದ ಬಾಯಿ ಮುಚ್ಚಿದಳು.